ಹುಟ್ಟಿದ ಮಗುವಿನ ದಾಖಲೆಯಲ್ಲಿ ‘ಲಿಂಗ’ ಕಾಲಂ ಇರಲೇಬೇಕಾ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿಗೆ ಆರು ದಿನದ ಹಿಂದೆ ಮಗು ಆಯಿತು. ಹೆರಿಗೆ ಸಲೀಸಾಗಿ ಆಯಿತು, ಮಗು ಜೋರಾಗಿ ಅತ್ತಿತು, ತೂಕವೂ ಚೆನ್ನಾಗಿದೆ. ಆದರೆ ಡಾಕ್ಟರ್ ಮಗುವನ್ನು ಎತ್ತಿ ತೋರಿಸುವಾಗ ಎಲ್ಲರೂ ಕಾಯುವ ಆ ಒಂದು ಮಾತು ಹೇಳಲಿಲ್ಲ. ತಂಗಿಯೇ ಕೇಳಿದಳಂತೆ, "ಏನು ಮಗು?" ಅಂತ. "ಮಗು ಚೆನ್ನಾಗಿದೆ, ಒಂದೆರಡು ಪರೀಕ್ಷೆ ಮಾಡಿ ಹೇಳುತ್ತೇವೆ" ಅಂದರಂತೆ. ಅಂದರೆ ನೋಡಿ ಹೇಳಲು ಆಗದ ಹಾಗಿತ್ತು.

ಸಂಜೆ ಒಬ್ಬರು ಫಾರಂ ಹಿಡಿದುಕೊಂಡು ವಾರ್ಡಿಗೆ ಬಂದರು. ತಾಯಿ ಹೆಸರು, ತಂದೆ ಹೆಸರು, ಹುಟ್ಟಿದ ಹೊತ್ತು ಎಲ್ಲ ಬರೆದುಕೊಂಡರು. ಆಮೇಲೆ ಎರಡು ಚೌಕ. ಗಂಡು, ಹೆಣ್ಣು. ಪೆನ್ನಿನ ತುದಿ ಚೌಕದ ಮೇಲೆ ಇಟ್ಟುಕೊಂಡೇ ನಮ್ಮ ಮುಖ ನೋಡಿದರು. ತಂಗಿಯ ಗಂಡ "ಸದ್ಯಕ್ಕೆ ಖಾಲಿ ಬಿಡಿ" ಅಂದ. "ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳಲ್ಲ ಸರ್, ಏನಾದರೂ ಒಂದು ಹೇಳಿ" ಅಂದರು. ಅವರು ಕೆಟ್ಟವರೇನಲ್ಲ, ಪಾಪ ಅವರ ಕೆಲಸ ಅದು. ಆದರೆ "ಏನಾದರೂ ಒಂದು" ಅನ್ನೋ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಏನಾದರೂ ಒಂದು ಬರೆಯುವುದಾದರೆ ಅದು ದಾಖಲೆ ಹೇಗೆ ಆಗುತ್ತದೆ?

ನನ್ನ ಪ್ರಶ್ನೆ ಇಷ್ಟೇ. ಹುಟ್ಟಿದ ಕೂಡಲೇ ಇದನ್ನು ಬರೆಯಲೇಬೇಕಾ? ಬರೆದರೂ ಜೀವನಪೂರ್ತಿ ತೋರಿಸುವ ಸರ್ಟಿಫಿಕೇಟಿನ ಮೇಲೆ ಅದು ಯಾಕೆ ಬೇಕು?

ನೇರಮಾತು
ಇದರಲ್ಲಿ ಚರ್ಚೆ ಮಾಡಲು ಏನಿದೆ? ಮಗು ಹುಟ್ಟಿದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಅದು. ಅಪರೂಪಕ್ಕೆ ಒಂದು ಮಗುವಿಗೆ ಹೀಗಾಯಿತು ಅಂತ ಎಲ್ಲ ಮಕ್ಕಳ ದಾಖಲೆಯಿಂದಲೂ ಕಾಲಂ ಕಿತ್ತು ಹಾಕಬೇಕಾ?

ಹೆರಿಗೆಕೋಣೆ
ಮಳೆಹನಿ, ಚರ್ಚೆ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ. ಮಗುವಿನ ರಕ್ತದಲ್ಲಿ ಸೋಡಿಯಂ, ಪೊಟಾಸಿಯಂ ನೋಡುತ್ತಿದ್ದಾರಾ? 17-ಓಎಚ್‌ಪಿ ಅನ್ನುವ ಪರೀಕ್ಷೆಗೆ ರಕ್ತ ಕಳಿಸಿದ್ದಾರಾ? ಮಗು ಹಾಲು ಸರಿಯಾಗಿ ಕುಡಿಯುತ್ತಿದೆಯಾ? ವಾಂತಿ ಇದೆಯಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಾನು ಲೇಬರ್ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ನರ್ಸ್. ನೋಡಿ ಹೇಳಲು ಆಗದ ಮಕ್ಕಳಲ್ಲಿ ಜಾಸ್ತಿ ಕಾಣುವ ಕಾರಣ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ತೊಂದರೆ. ಸಿಎಎಚ್ ಅಂತಾರೆ. ಸುಮಾರು 15,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಕಿಡ್ನಿಯ ಮೇಲೆ ಕೂತಿರುವ ಆ ಪುಟ್ಟ ಗ್ರಂಥಿ ಕಾರ್ಟಿಸಾಲ್ ಅನ್ನುವ, ಮೈಗೆ ಬೇಕೇ ಬೇಕಾದ ಹಾರ್ಮೋನನ್ನು ಮಾಡಲಾರದೆ ಗಂಡು ಹಾರ್ಮೋನನ್ನು ಅತಿಯಾಗಿ ಮಾಡುತ್ತದೆ. ಹೆಣ್ಣು ಮಗು ಆಗಿದ್ದರೆ ಹೊರಗಿನ ಅಂಗ ಗಂಡಿನ ಹಾಗೆ ಕಾಣಬಹುದು. ಅದು ಒಂದು ಕಡೆ ಇರಲಿ. ಇದರ ಜೋರಾದ ಬಗೆಯಲ್ಲಿ ಮೈಯಿಂದ ಉಪ್ಪಿನ ಅಂಶ ಸೋರಿಹೋಗಿ ಎರಡನೇ ವಾರದ ಹೊತ್ತಿಗೆ ಮಗು ದಿಢೀರ್ ಕುಸಿಯಬಹುದು. ಜೀವಕ್ಕೇ ಅಪಾಯ. ಚೌಕದ ಚಿಂತೆ ಬಿಟ್ಟು ಇದನ್ನು ನೋಡಿ.

ಮಳೆಹನಿ
ಅಕ್ಕಾ, ತುಂಬಾ ಥ್ಯಾಂಕ್ಸ್. ಮಗು ಇನ್ನೂ ಆಸ್ಪತ್ರೆಯಲ್ಲೇ ಇದೆ. ದಿನ ಬಿಟ್ಟು ದಿನ ರಕ್ತ ತೆಗೆಯುತ್ತಿದ್ದಾರೆ. ನೀವು ಹೇಳಿದ ಪರೀಕ್ಷೆಗೂ ಕಳಿಸಿದ್ದಾರೆ, ರಿಪೋರ್ಟ್ ಬರಬೇಕು. ಕ್ರೋಮೋಸೋಮ್ ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಬೇಕಂತೆ. ಹಾಲು ಕುಡಿಯುತ್ತಿದೆ.

ಹೆರಿಗೆಕೋಣೆ
ಸರಿ ಹಾಗಾದರೆ. ಒಳ್ಳೆಯ ಕೈಯಲ್ಲಿದ್ದೀರಿ. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಮಗು ಹುಟ್ಟಿದ ಒಂದೆರಡು ನಿಮಿಷದಲ್ಲಿ ನಾವು ಕೈಗೆ ಒಂದು ಪಟ್ಟಿ ಕಟ್ಟುತ್ತೇವೆ. ತಾಯಿ ಹೆಸರು, ಹೊತ್ತು, ತೂಕ, ಗಂಡು ಅಥವಾ ಹೆಣ್ಣು. ಆಮೇಲೆ ಅದೇ ರಿಜಿಸ್ಟರಿಗೆ, ಅಲ್ಲಿಂದ ಕಂಪ್ಯೂಟರಿಗೆ, ಅಲ್ಲಿಂದ ಸರ್ಟಿಫಿಕೇಟಿಗೆ. ಅಂದರೆ ಲೈಟಿನ ಕೆಳಗೆ, ಟವಲಿನಲ್ಲಿ ಸುತ್ತುವ ಮೊದಲು ನಾನು ಒಂದು ಕ್ಷಣ ಕಣ್ಣಾಡಿಸಿದ್ದೇ ಇಡೀ ಬದುಕಿಗೆ ಸಾಕ್ಷಿ. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಸಲ ಅದು ಸರಿಯೇ ಇರುತ್ತದೆ. ಆದರೆ ಅನುಮಾನ ಬಂದಾಗ ಬರೆಯಲು ನಮಗೆ ಜಾಗವೇ ಇರಲಿಲ್ಲ. ಒಮ್ಮೆ ನಾನು ರಿಜಿಸ್ಟರಿನಲ್ಲಿ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು ಬಿಟ್ಟಿದ್ದೆ. ಮಾರನೇ ದಿನ ಯಾರೋ ಅದನ್ನು ಅಳಿಸಿ ಪೆನ್ನಿನಲ್ಲಿ ‘ಗಂಡು’ ಅಂತ ಬರೆದಿದ್ದರು. ಯಾರು, ಯಾವ ಆಧಾರದ ಮೇಲೆ ಬರೆದರು ಅಂತ ಇವತ್ತಿಗೂ ಗೊತ್ತಿಲ್ಲ.

ಲೆಕ್ಕದಮನುಷ್ಯ
ನನ್ನದು ಗಟ್ಟಿ ವಿರೋಧ. ಯಾಕೆ ಅಂತ ಕೇಳಿ.

ಪ್ರಕೃತಿಯಲ್ಲಿ 100 ಹೆಣ್ಣು ಮಕ್ಕಳಿಗೆ ಸುಮಾರು 105 ಗಂಡು ಮಕ್ಕಳು ಹುಟ್ಟುತ್ತಾರೆ. ಈ ಲೆಕ್ಕ ಯಾವುದೋ ದೇಶದಲ್ಲಿ 110, 115 ಆಯಿತು ಅಂದರೆ ಅಲ್ಲಿ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದಾರೆ ಅಂತಲೇ ಅರ್ಥ. ದಕ್ಷಿಣ ಕೊರಿಯಾದಲ್ಲಿ 1990ರಲ್ಲಿ ಅದು 116 ದಾಟಿತ್ತು. ಭಾರತದಲ್ಲಿ ಆರು ವರ್ಷದೊಳಗಿನ 1000 ಗಂಡು ಮಕ್ಕಳಿಗೆ 1991ರಲ್ಲಿ 945 ಹೆಣ್ಣು ಮಕ್ಕಳಿದ್ದರು, 2001ಕ್ಕೆ 927 ಆದರು, 2011ಕ್ಕೆ ಇನ್ನೂ ಇಳಿಯಿತು. ಇದೆಲ್ಲ ನಮಗೆ ಹೇಗೆ ಗೊತ್ತಾಯಿತು? ಯಾರೋ ಕೂತು ಗಂಡು ಎಷ್ಟು, ಹೆಣ್ಣು ಎಷ್ಟು ಅಂತ ಬರೆದಿದ್ದರಿಂದ. ಆ ಕಾಲಂ ತೆಗೆದ ದಿನ ಕಳೆದುಹೋಗುವ ಹೆಣ್ಣು ಮಕ್ಕಳು ಲೆಕ್ಕದಿಂದಲೂ ಕಳೆದುಹೋಗುತ್ತಾರೆ. ಒಳ್ಳೆಯ ಉದ್ದೇಶದಿಂದ ಕೆಟ್ಟವರಿಗೆ ಪರದೆ ಕಟ್ಟಿಕೊಡಬೇಡಿ.

ಎರಡುಮಕ್ಕಳಪ್ಪ
ಲೆಕ್ಕದಮನುಷ್ಯ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಮಳೆಹನಿ
ನಾನೂ ಒಪ್ಪುತ್ತೇನೆ. ಎಣಿಸಬೇಡಿ ಅಂತ ನಾನು ಹೇಳಲೇ ಇಲ್ಲ. ಆದರೆ ಎಣಿಸಲು ಬರೆಯುವುದು ಬೇರೆ, ಮಗುವಿನ ಕೈಗೆ ಕೊಡುವ ಕಾಗದದಲ್ಲಿ ಅಚ್ಚು ಹಾಕುವುದು ಬೇರೆ ಅಲ್ವಾ?

ಹಳೇರಿಜಿಸ್ಟರ್
ಮಳೆಹನಿ ಸರಿಯಾದ ಜಾಗಕ್ಕೆ ಕೈ ಹಾಕಿದರು. ನಾನು ಜನನ ಮರಣ ನೋಂದಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ.

ಭಾರತದಲ್ಲಿ ಜನನ ವರದಿಯ ಫಾರಂ ಎರಡು ಭಾಗದ್ದು. ಒಂದು ಕಾನೂನಿಗೆ ಬೇಕಾದ ಮಾಹಿತಿ: ಹುಟ್ಟಿದ ದಿನ, ಲಿಂಗ, ಹೆಸರು, ತಂದೆ ತಾಯಿ, ಹುಟ್ಟಿದ ಜಾಗ. ಇನ್ನೊಂದು ಅಂಕಿ ಅಂಶಕ್ಕೆ ಬೇಕಾದ ಮಾಹಿತಿ: ತಾಯಿಯ ಓದು, ಮದುವೆಯಾದಾಗಿನ ವಯಸ್ಸು, ಹೆರಿಗೆ ಹೇಗಾಯಿತು, ಮಗುವಿನ ತೂಕ. ಈ ಎರಡನೇ ಭಾಗ ಎಣಿಕೆಗೆ ಹೋಗುತ್ತದೆ, ಸರ್ಟಿಫಿಕೇಟಿಗೆ ಬರುವುದಿಲ್ಲ. ನಿಮ್ಮ ಯಾರ ಜನನ ಪ್ರಮಾಣ ಪತ್ರದಲ್ಲಾದರೂ ಹುಟ್ಟಿದಾಗಿನ ತೂಕ ಇದೆಯಾ? ಇಲ್ಲ. ಹಾಗಂತ ಕಡಿಮೆ ತೂಕದ ಮಕ್ಕಳು ಎಷ್ಟು ಹುಟ್ಟಿದರು ಅನ್ನುವ ಲೆಕ್ಕ ತಪ್ಪಿಹೋಗಿದೆಯಾ? ಅದೂ ಇಲ್ಲ.

ಅಮೆರಿಕದಲ್ಲೂ ಹೀಗೇ. ತಂದೆ ತಾಯಿಯ ಜನಾಂಗ ಯಾವುದು ಅನ್ನುವುದು ಈಗ ಅಲ್ಲಿ ಅಂಕಿ ಅಂಶದ ಗುಟ್ಟಿನ ಭಾಗದಲ್ಲಿದೆ. 2021ರಲ್ಲಿ ಅಲ್ಲಿನ ವೈದ್ಯರ ಸಂಘ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಲಿಂಗದ ಕಾಲಂ ಕೂಡ ಜನರಿಗೆ ಕಾಣುವ ಭಾಗದಿಂದ ತೆಗೆಯಬೇಕು ಅನ್ನುವ ನಿಲುವು ತೆಗೆದುಕೊಂಡಿತು. ಡಾಕ್ಟರ್ ಬರೆದು ಕಳಿಸುವುದು ನಿಲ್ಲಲಿ ಅಂತ ಅವರು ಹೇಳಲಿಲ್ಲ. ಆ ಕಾಲಂ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಹೋಗಲಿ ಅಂದರು, ಅಷ್ಟೇ.

ನಲವತ್ತು ವರ್ಷ ಆ ಫಾರಂ ನೋಡಿದವನ ಮಾತು ಕೇಳಿ. ಇಲ್ಲಿ ಆಗುವ ಅರ್ಧ ಜಗಳ ಬರೆಯಬೇಕಾ ಬೇಡವಾ ಅನ್ನುವುದರ ಬಗ್ಗೆ. ನಿಜವಾದ ಪ್ರಶ್ನೆ ಎಲ್ಲಿ ಬರೆಯಬೇಕು, ಯಾರು ನೋಡಬೇಕು ಅನ್ನುವುದು.

ಲೆಕ್ಕದಮನುಷ್ಯ
ಹಳೇರಿಜಿಸ್ಟರ್ ಸರ್, ಇದು ನನಗೆ ಗೊತ್ತಿತ್ತು, ಆದರೆ ಈ ರೀತಿ ಯೋಚಿಸಿರಲಿಲ್ಲ. ಎಣಿಕೆಗೆ ಪ್ರತಿಯೊಂದು ಮಗುವಿನದ್ದೂ ಕಡ್ಡಾಯವಾಗಿ ಬರುತ್ತದೆ ಅಂದರೆ ನನ್ನ ಮುಖ್ಯ ತಕರಾರು ಇಲ್ಲ. ‘ಇಷ್ಟ ಇದ್ದರೆ ಬರೆಯಿರಿ’ ಅಂತ ಮಾಡಿದರೆ ಮಾತ್ರ ಒಪ್ಪುವುದಿಲ್ಲ. ಇಷ್ಟ ಇದ್ದರೆ ಅಂದ ಕೂಡಲೇ ಲೆಕ್ಕ ಕೆಡುತ್ತದೆ.

ನೇರಮಾತು
ಸರಿ, ಆದರೆ ಸರ್ಟಿಫಿಕೇಟಿನಲ್ಲಿ ಇದ್ದರೆ ಯಾರಿಗೆ ಏನು ನಷ್ಟ? ಅದಕ್ಕೆ ಉತ್ತರ ಬರಲಿಲ್ಲ.

ನದಿಯಾಚೆ
ನನಗೆ ಆಯಿತು ನಷ್ಟ. ಹೇಳುತ್ತೇನೆ.

ನಾನು ಹುಟ್ಟಿದಾಗ ‘ಹೆಣ್ಣು’ ಅಂತ ಬರೆದರು. ಹೆಣ್ಣು ಮಗುವಿನ ಹೆಸರಿಟ್ಟರು, ಜಡೆ ಹಾಕಿದರು, ಹಾಗೇ ಬೆಳೆದೆ. ಹದಿಮೂರನೇ ವಯಸ್ಸಿನಲ್ಲಿ ಧ್ವನಿ ಒಡೆಯಿತು. ಭುಜ ಅಗಲ ಆಯಿತು. ಮೈ ತಾನಾಗಿಯೇ ಗಂಡಿನ ಕಡೆಗೆ ಹೊರಟಿತು. ಪರೀಕ್ಷೆ ಮಾಡಿದರೆ ಎಕ್ಸ್‌ವೈ ಕ್ರೋಮೋಸೋಮ್, ಸಾಮಾನ್ಯವಾಗಿ ಗಂಡಿನಲ್ಲಿ ಇರುವುದು. 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ನನ್ನಲ್ಲಿ ಕೆಲಸ ಮಾಡುವುದಿಲ್ಲ. ಅದು ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದಾಗ ಹೊರಗಿನ ಅಂಗ ಪೂರ್ತಿ ರೂಪ ಪಡೆಯುವುದಿಲ್ಲ, ಹರೆಯದಲ್ಲಿ ಟೆಸ್ಟೋಸ್ಟಿರೋನ್ ಏರಿದಾಗ ಬದಲಾವಣೆ ಶುರುವಾಗುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯಲ್ಲಿ ಇಂಥ ಮಕ್ಕಳು ತುಂಬಾ ಜನ ಇದ್ದರು, 1974ರಲ್ಲಿ ಅವರ ಮೇಲೆ ವೈದ್ಯಕೀಯ ಅಧ್ಯಯನ ಪ್ರಕಟವಾಯಿತು. ಅದನ್ನು ಓದಿದ ರಾತ್ರಿ ನಾನು ಮೊದಲ ಸಲ ನಿಶ್ಚಿಂತೆಯಿಂದ ಮಲಗಿದೆ. ನನ್ನ ಹಾಗೆ ಇನ್ನೂ ಇದ್ದಾರೆ ಅಂತ.

ಈಗ ಗಡ್ಡ ಇದೆ. ಕೌಂಟರಿನಲ್ಲಿ ಕೂತವರು ಕಾಗದ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮತ್ತೆ ಕಾಗದ ನೋಡುತ್ತಾರೆ. ಆಮೇಲೆ ಪಕ್ಕದವರನ್ನು ಕರೆಯುತ್ತಾರೆ. ನಾನು ಸಾಲಿನಲ್ಲಿರುವ ಎಲ್ಲರ ಮುಂದೆ ನನ್ನ ಮೈಯ ಕಥೆ ಹೇಳಬೇಕು. ಒಂದು ಅಕೌಂಟ್ ತೆರೆಯಲು! ನೇರಮಾತು ಅವರೇ, ಅಲ್ಲಿ ಕೂತವರಿಗೆ ನನ್ನ ಹುಟ್ಟಿದ ದಿನ ಬೇಕಿತ್ತು, ನನ್ನ ತಂದೆ ತಾಯಿ ಯಾರು ಅಂತ ಬೇಕಿತ್ತು. ಹುಟ್ಟಿದ ದಿನ ನರ್ಸ್ ಟವಲಿನಲ್ಲಿ ಏನು ನೋಡಿದರು ಅನ್ನುವುದು ಅವರಿಗೆ ಯಾಕೆ?

ನೇರಮಾತು
ನದಿಯಾಚೆ ಅವರೇ, ಕ್ಷಮಿಸಿ. ನಾನು ಹಾಗೆ ಕೇಳಬಾರದಿತ್ತು. ನಿಮಗೆ ಆದದ್ದು ಅನ್ಯಾಯ. ಆದರೂ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ: ಇದಕ್ಕೆ ಮದ್ದು ತಿದ್ದಲು ಸುಲಭ ದಾರಿ ಮಾಡುವುದು, ಕಾಲಂ ತೆಗೆಯುವುದಲ್ಲ.

ಎರಡುಮಕ್ಕಳಪ್ಪ
ತಿದ್ದುವ ವಿಷಯ ಬಂತಲ್ಲ, ನನ್ನ ಅನುಭವ ಕೇಳಿ. ನಮ್ಮದು ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಟೈಪ್ ಮಾಡುವವರು ಇಬ್ಬರಿಗೂ ‘ಗಂಡು’ ಅಂತ ಹಾಕಿದರು. ನಾವೂ ನೋಡಲಿಲ್ಲ. ಐದು ವರ್ಷ ಆದಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ಗೊತ್ತಾಯಿತು. ತಿದ್ದಿಸಲು ಅಫಿಡವಿಟ್, ಹೆರಿಗೆಯಾದ ಕಡೆಯಿಂದ ಪತ್ರ, ಡಾಕ್ಟರ್ ಸರ್ಟಿಫಿಕೇಟ್. ಡಾಕ್ಟರ್ ನನ್ನ ಐದು ವರ್ಷದ ಮಗಳನ್ನು ‘ಪರೀಕ್ಷೆ’ ಮಾಡಿ ಬರೆದುಕೊಡಬೇಕಂತೆ. ಅವತ್ತು ಅವಳು ನನ್ನ ಅಂಗಿ ಹಿಡಿದುಕೊಂಡು "ನಾನೇನು ತಪ್ಪು ಮಾಡಿದೆ ಅಪ್ಪಾ?" ಅಂತ ಕೇಳಿದಳು. ಎರಡು ವರ್ಷ ಓಡಾಡಿದೆ.

ಅದಕ್ಕೇ ನಾನೂ ನೇರಮಾತು ಅವರ ಹಾಗೆ, ತಿದ್ದುವ ದಾರಿ ಸುಲಭ ಆಗಲಿ ಅನ್ನುವವನು.

ಕರಿಕೋಟು
ಎರಡುಮಕ್ಕಳಪ್ಪ, ನಿಮ್ಮ ಕಥೆ ನಿಮ್ಮ ವಾದದ ವಿರುದ್ಧವೇ ಇದೆ ಅಂತ ನನಗೆ ಅನ್ನಿಸಿತು. ಐದು ವರ್ಷ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಲಸಿಕೆ ಹಾಕಿಸಿದಿರಿ, ಶಾಲೆಗೆ ಸೇರಿಸಿದಿರಿ. ಅಂದರೆ ಐದು ವರ್ಷ ಆ ಕಾಲಂ ಯಾರಿಗೂ ಬೇಕಾಗಿರಲೇ ಇಲ್ಲ!

ಬೇರೆ ದೇಶಗಳಲ್ಲಿ ಏನಾಗಿದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಹೊಸ ತಲೆಹರಟೆ ಅಂತ ಕೆಲವರು ತಿಳಿದಿದ್ದಾರೆ. ಜರ್ಮನಿಯಲ್ಲಿ 2013ರ ನವೆಂಬರ್‌ನಿಂದ, ಗಂಡು ಹೆಣ್ಣು ಅಂತ ಹೇಳಲಾಗದ ಮಗುವಿನ ಕಾಲಂ ಖಾಲಿ ಬಿಡಬೇಕು ಅಂತ ಕಾನೂನು ಆಯಿತು. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಖಾಲಿ ಬಿಡುವುದು ಸಾಲದು, ಒಂದು ಹೆಸರು ಕೊಡಿ, ಇಲ್ಲವೇ ಲಿಂಗ ದಾಖಲಿಸುವುದನ್ನೇ ಬಿಡಿ ಅಂದಿತು. 2018ರ ಕೊನೆಗೆ ಮೂರನೇ ಆಯ್ಕೆ ಬಂತು. ಮಾಲ್ಟಾ 2015ರಲ್ಲಿ ಎರಡು ಕೆಲಸ ಒಟ್ಟಿಗೆ ಮಾಡಿತು: ಆ ಕಾಲಂ ತುಂಬುವುದನ್ನು ಮುಂದೂಡಲು ತಂದೆ ತಾಯಿಗೆ ಅವಕಾಶ ಕೊಟ್ಟಿತು, ಮಗುವಿನ ಒಪ್ಪಿಗೆ ಇಲ್ಲದೆ, ಮುಂದೆ ಹಾಕಬಹುದಾದ ಲೈಂಗಿಕ ಅಂಗದ ಆಪರೇಷನ್ ಮಾಡುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ 2019ರಿಂದ ನೋಂದಣಿ ಪುಸ್ತಕದಲ್ಲಿ ಮಾಹಿತಿ ಇರುತ್ತದೆ, ಕೇಳಿದರೆ ಮಾತ್ರ ಸರ್ಟಿಫಿಕೇಟಿನ ಮೇಲೆ ಬರುತ್ತದೆ. ಹಳೇರಿಜಿಸ್ಟರ್ ಸರ್ ಹೇಳಿದ್ದು ಇದೇ.

ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 7ನೇ ವಿಧಿ ನೋಡಿ. ಹುಟ್ಟಿದ ಕೂಡಲೇ ನೋಂದಣಿ ಆಗಬೇಕು, ಹೆಸರಿನ ಹಕ್ಕು, ರಾಷ್ಟ್ರೀಯತೆಯ ಹಕ್ಕು ಅಂತ ಇದೆ. ಲಿಂಗ ಬರೆಯಬೇಕು ಅಂತ ಆ ವಿಧಿಯಲ್ಲಿ ಇಲ್ಲ.

ಹೆರಿಗೆಕೋಣೆ
ಕರಿಕೋಟು ಸರ್, ಜರ್ಮನಿಯ ಖಾಲಿ ಕಾಲಂ ಬಗ್ಗೆ ಒಂದು ಮಾತು ಸೇರಿಸಿ. ‘ಬಿಡಬಹುದು’ ಅಲ್ಲ, ‘ಬಿಡಬೇಕು’ ಅಂತ ಇದ್ದದ್ದೇ ತೊಂದರೆ ಆಯಿತು. ಎಲ್ಲರಿಗೂ ತುಂಬಿದ ಕಾಲಂ, ಈ ಮಗುವಿಗೆ ಮಾತ್ರ ಖಾಲಿ ಅಂದರೆ ಆ ಖಾಲಿಯೇ ಊರಿಗೆಲ್ಲ ಸಾರಿದ ಹಾಗೆ. ಅದಕ್ಕೆ ಹೆದರಿ ತಂದೆ ತಾಯಿ ಬೇಗ ಆಪರೇಷನ್ ಮಾಡಿಸಿಬಿಡುತ್ತಾರೆ ಅಂತ ಅಂತರಲಿಂಗಿ ಜನರ (ಹುಟ್ಟಿನಿಂದಲೇ ಮೈಯ ಲಕ್ಷಣ ಗಂಡು ಅಥವಾ ಹೆಣ್ಣು ಅನ್ನುವುದಕ್ಕೆ ಪೂರ್ತಿ ಹೊಂದದವರ) ಸಂಘಟನೆಗಳೇ ವಿರೋಧ ಮಾಡಿದ್ದವು. ಆ ಹೆದರಿಕೆ ಎಷ್ಟು ನಿಜ ಅಂತ ನನಗೆ ಗೊತ್ತು. "ಕಾಗದಕ್ಕೆ ಸರಿಯಾಗಿ ಮಗುವನ್ನು ಮಾಡಿಕೊಡಿ" ಅಂತ ಅಜ್ಜಿಯೊಬ್ಬರು ಡಾಕ್ಟರ್ ಕೈ ಹಿಡಿದು ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನದಿಯಾಚೆ
ಅಕ್ಕಾ, ಅದನ್ನು ಓದಿ ಕೈ ನಡುಗಿತು. ನನಗೆ ಆಪರೇಷನ್ ಆಗಲಿಲ್ಲ, ಯಾಕೆಂದರೆ ಹುಟ್ಟಿದಾಗ ಯಾರಿಗೂ ಅನುಮಾನವೇ ಬರಲಿಲ್ಲ. ಬಂದಿದ್ದರೆ ಬಹುಶಃ ‘ಹೆಣ್ಣು’ ಅನ್ನುವ ಅಕ್ಷರಕ್ಕೆ ಸರಿಯಾಗಿ ಕತ್ತರಿಸುತ್ತಿದ್ದರು. ಮದ್ರಾಸ್ ಹೈಕೋರ್ಟ್ 2019ರಲ್ಲಿ ಇಂಥ ಮಕ್ಕಳ ಮೇಲೆ ಜೀವಕ್ಕೆ ಅಪಾಯ ಇಲ್ಲದೆ ಆಪರೇಷನ್ ಮಾಡಬಾರದು ಅಂದಾಗ ನಾನು ತೀರ್ಪಿನ ಪ್ರಿಂಟ್ ತೆಗೆದು ಅಮ್ಮನಿಗೆ ಓದಿ ಹೇಳಿದ್ದೆ. ಅದೇ ವರ್ಷ ತಮಿಳುನಾಡು ಸರ್ಕಾರ ಆದೇಶವನ್ನೂ ಹೊರಡಿಸಿತು.

ಗಣಿತಮೇಷ್ಟ್ರು
ಇಂಥ ಮಕ್ಕಳು ನೂರಕ್ಕೆ 1.7 ಅಂತ ಎಲ್ಲ ಕಡೆ ಬರೆಯುತ್ತಾರೆ. ಅಂದರೆ ಲಕ್ಷಕ್ಕೆ 1700. ಸಣ್ಣ ಸಂಖ್ಯೆ ಅಲ್ಲ. ಇದನ್ನೂ ಗಮನಿಸಿ.

ಲೆಕ್ಕದಮನುಷ್ಯ
ಮೇಷ್ಟ್ರೇ, ಆ ಸಂಖ್ಯೆಯನ್ನು ಇಲ್ಲಿ ತರಬೇಡಿ. ಅದು ಜೀವಶಾಸ್ತ್ರಜ್ಞೆ ಆನ್ ಫಾಸ್ಟೊ-ಸ್ಟರ್ಲಿಂಗ್ ಮತ್ತು ಜೊತೆಗಾರರು 2000ದಲ್ಲಿ ಲೆಕ್ಕ ಹಾಕಿದ್ದು. ಹುಟ್ಟಿದಾಗ ಏನೂ ಕಾಣದ, ದೊಡ್ಡವರಾದ ಮೇಲೆ ಗೊತ್ತಾಗುವ ಅಥವಾ ಗೊತ್ತೇ ಆಗದ ಸ್ಥಿತಿಗಳೂ ಅದರಲ್ಲಿ ಸೇರಿವೆ. ಡಾಕ್ಟರ್ ಲಿಯೊನಾರ್ಡ್ ಸ್ಯಾಕ್ಸ್ 2002ರಲ್ಲಿ ಅದನ್ನೆಲ್ಲ ತೆಗೆದು ನೂರಕ್ಕೆ 0.018 ಅಂದರು. ಅಂದರೆ ಲಕ್ಷಕ್ಕೆ 18. ನೂರು ಪಟ್ಟು ವ್ಯತ್ಯಾಸ! ಹುಟ್ಟಿದ ಕ್ಷಣದಲ್ಲಿ ನೋಡಿ ಹೇಳಲಾಗದ ಮಕ್ಕಳು ಸುಮಾರು 4500ರಿಂದ 5500ಕ್ಕೆ ಒಂದು ಅಂತ ವೈದ್ಯರು ಹೇಳುತ್ತಾರೆ. ನಮ್ಮ ಚರ್ಚೆಗೆ ಬೇಕಾದದ್ದು ಈ ಸಂಖ್ಯೆ.

ಗಣಿತಮೇಷ್ಟ್ರು
ಸರಿ, ನಾನು ನೋಡದೆ ಬರೆದೆ. ಆದರೆ ನದಿಯಾಚೆ ಅವರು ಆ 5000ಕ್ಕೆ ಒಂದರ ಲೆಕ್ಕದಲ್ಲೂ ಬರುವುದಿಲ್ಲವಲ್ಲ? ಅವರಿಗೆ ಹುಟ್ಟಿದಾಗ ಅನುಮಾನವೇ ಬಂದಿರಲಿಲ್ಲ. ತೊಂದರೆ ಮಾತ್ರ ಪೂರ್ತಿ ಅನುಭವಿಸಿದರು.

ಲೆಕ್ಕದಮನುಷ್ಯ
ಅದು ಒಪ್ಪಬೇಕಾದ ಮಾತು.

ಪದಹುಡುಕಿ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಬೈಯಬೇಡಿ. ನಮ್ಮ ಕನ್ನಡದಲ್ಲಿ ಒಂದು ಚಂದದ ವಿಷಯ ಇದೆ. ‘ಮಗು ಅಳುತ್ತಿದೆ’, ‘ಕೂಸು ಮಲಗಿದೆ’ ಅಂತಲೇ ಹೇಳುತ್ತೇವೆ. ‘ಮಗು ಅಳುತ್ತಿದ್ದಾನೆ’ ಅಂತ ಯಾರೂ ಹೇಳುವುದಿಲ್ಲ. ಗಂಡಾಗಲಿ ಹೆಣ್ಣಾಗಲಿ ಮಗು ‘ಅದು’. ಮಳೆಹನಿ ಅವರ ಬರಹ ಮತ್ತೆ ಓದಿ. ‘ಮಗು ಜೋರಾಗಿ ಅತ್ತಿತು’, ‘ಹಾಲು ಕುಡಿಯುತ್ತಿದೆ’. ಆರು ದಿನ ಆ ಮನೆಯವರು ಕಷ್ಟಪಟ್ಟು ಮಾತು ತಪ್ಪಿಸಬೇಕಾಗಿಲ್ಲ, ಭಾಷೆಯೇ ಅವರಿಗೆ ಜಾಗ ಮಾಡಿಕೊಟ್ಟಿದೆ.

ಇನ್ನೊಂದು. ನಮ್ಮ ಫಾರಂನಲ್ಲಿ ‘ಲಿಂಗ’ ಅಂತ ಒಂದೇ ಪದ. ಮೈಯ ಲಕ್ಷಣಕ್ಕೂ ಅದೇ, ಒಳಗಿನಿಂದ ನಾನು ಯಾರು ಅನ್ನುವುದಕ್ಕೂ ಅದೇ. ಎರಡನೆಯದಕ್ಕೆ ಈಗ ‘ಲಿಂಗತ್ವ’ ಅಂತ ಬಳಸುತ್ತಿದ್ದಾರೆ. ಹುಟ್ಟಿದ ಮಗುವಿನ ಲಿಂಗತ್ವ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲ, ಮಗುವಿಗೂ ಗೊತ್ತಿಲ್ಲ. ಹಾಗಾಗಿ ಆ ಕಾಲಂನಲ್ಲಿ ಇರುವುದು ‘ಹುಟ್ಟಿದಾಗ ಕಂಡದ್ದು’ ಅಷ್ಟೇ. ಹಾಗಂತಲೇ ಹೆಸರಿಟ್ಟರೆ ಅರ್ಧ ಗೊಂದಲ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮಳೆಹನಿ
ನಾನು ಗಮನಿಸಿಯೇ ಇರಲಿಲ್ಲ. ತಂಗಿಗೆ ಓದಿ ಹೇಳಿದೆ. ಆರು ದಿನದಲ್ಲಿ ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲ ಆಯಿತು.

ಓಟಗಾರ್ತಿ
ದಾರಿ ತಪ್ಪಿದ್ದರಿಂದ ನಾನೂ ಒಂದು ಹೇಳುತ್ತೇನೆ. ಆಟದ ಮೈದಾನದಲ್ಲಿ ಏನು ಮಾಡುತ್ತೀರಿ? ಅಲ್ಲಿ ಹೆಂಗಸರ ವಿಭಾಗ ಇರಲೇಬೇಕು. ಕಾಗದ ಇಲ್ಲದಿದ್ದರೆ ಯಾರು ಯಾವ ವಿಭಾಗ ಅಂತ ಹೇಗೆ ಹೇಳುವುದು?

ಕರಿಕೋಟು
ಕಾಗದ ಇದ್ದರೂ ಅಲ್ಲಿ ನಂಬಲಿಲ್ಲ, ಓಟಗಾರ್ತಿ ಅವರೇ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಜ್-ಪಾಟಿನ್ಯೊ ಎಲ್ಲ ದಾಖಲೆಯಲ್ಲೂ ಹೆಣ್ಣು. 1985ರಲ್ಲಿ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಎಕ್ಸ್‌ವೈ ಬಂತು ಅಂತ ಹೊರಗಿಟ್ಟರು. ಅವರ ಮೈಗೆ ಗಂಡು ಹಾರ್ಮೋನು ತಟ್ಟುವುದೇ ಇಲ್ಲ ಅಂತ ಸಾಬೀತು ಮಾಡಿ 1988ರಲ್ಲಿ ಮತ್ತೆ ಅವಕಾಶ ಪಡೆದರು. ನಮ್ಮ ಶಾಂತಿ ಸೌಂದರರಾಜನ್ 2006ರ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದು ಪರೀಕ್ಷೆಯ ನಂತರ ಅದನ್ನು ಕಳೆದುಕೊಂಡರು. ಕ್ರೀಡೆಗೆ ಬೇಕಾದ ನಿಯಮ ಕ್ರೀಡೆಯವರು ಮಾಡಿಕೊಳ್ಳಲಿ, ಅದಕ್ಕಾಗಿ ಪ್ರತಿ ಮಗುವಿನ ಸರ್ಟಿಫಿಕೇಟ್ ಹೊರೆ ಹೊರುವುದು ಬೇಡ.

ಓಟಗಾರ್ತಿ
ಶಾಂತಿ ಅವರ ವಿಷಯದಲ್ಲಿ ನನಗೂ ನೋವಿದೆ. ಆದರೆ ‘ಕ್ರೀಡೆಯವರು ಮಾಡಿಕೊಳ್ಳಲಿ’ ಅಂತ ಹೇಳುವುದು ಸುಲಭ. ಶಾಲೆ ಮಟ್ಟದ ಓಟಕ್ಕೆ ಯಾರು ಕ್ರೋಮೋಸೋಮ್ ನೋಡುತ್ತಾರೆ? ನಾನು ಒಪ್ಪುವುದಿಲ್ಲ.

ಕೋಡುಬರೆಯುವವ
ಇದನ್ನು ಓದಿದ ಮೇಲೆ ಎರಡು ದಿನ ನಿದ್ದೆ ಸರಿ ಬಂದಿಲ್ಲ. ‘ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳಲ್ಲ’ ಅಂತ ಮಳೆಹನಿ ಬರೆದರಲ್ಲ, ಆ ತರಹದ ತಂತ್ರಾಂಶ ಬರೆಯುವವನು ನಾನು. ಈ ಕಾಲಂ ಕಡ್ಡಾಯ ಅಂತ ಮಾಡಲು ನನಗೆ ಬೇಕಾದದ್ದು ಒಂದು ಪದ. ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ ಬರುತ್ತದೆ, ಮುಗಿಯಿತು. ಯಾಕೆ ಕಡ್ಡಾಯ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಬೇಸರದ ಸಂಗತಿ ಏನು ಗೊತ್ತಾ? ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 5218 ಅಂತ. ಅದರಲ್ಲಿ ನಾಲ್ಕು ಸಂಕೇತ: 0 ಅಂದರೆ ಗೊತ್ತಿಲ್ಲ, 1 ಗಂಡು, 2 ಹೆಣ್ಣು, 9 ಅನ್ವಯಿಸುವುದಿಲ್ಲ. ‘ಗೊತ್ತಿಲ್ಲ’ ಅನ್ನುವುದು ಪಟ್ಟಿಯಲ್ಲಿ ಮೊದಲನೆಯದು! ನಾವು 1, 2 ಇಟ್ಟುಕೊಂಡು ಉಳಿದದ್ದು ಬಿಟ್ಟೆವು.

ಇನ್ನೊಂದು ಮಾತು. ಕೆಲವು ದೇಶಗಳಲ್ಲಿ ಇದು ಕಾಲಂನಲ್ಲಿ ಮಾತ್ರ ಇಲ್ಲ, ಗುರುತಿನ ಸಂಖ್ಯೆಯ ಒಳಗೇ ಇದೆ. ಸ್ವೀಡನ್ನಿನ ಹತ್ತು ಅಂಕಿಯ ಸಂಖ್ಯೆಯಲ್ಲಿ ಒಂಬತ್ತನೆಯದು ಬೆಸ ಆದರೆ ಗಂಡು, ಸಮ ಆದರೆ ಹೆಣ್ಣು. ದಕ್ಷಿಣ ಕೊರಿಯಾದಲ್ಲಿ ಏಳನೇ ಅಂಕಿ ನೋಡಿದರೆ ಸಾಕು. ಒಂದು ಸಲ ಹೀಗೆ ಕಟ್ಟಿಬಿಟ್ಟರೆ ತಿದ್ದುವುದು ಅಂದರೆ ಮನುಷ್ಯನ ಸಂಖ್ಯೆಯನ್ನೇ ಬದಲಿಸುವುದು. ಆ ಸಂಖ್ಯೆ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ. ನೇರಮಾತು ಅವರೇ, ‘ಸುಲಭವಾಗಿ ತಿದ್ದುವ ದಾರಿ’ ಆಮೇಲೆ ಮಾಡಲು ಬರುವುದಿಲ್ಲ, ಮೊದಲೇ ಯೋಚಿಸಬೇಕು.

ಹೊಸಹೆಸರು
ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ‘ಗಂಡು’ ಅಂತ ಬರೆದರೂ ಹೆಣ್ಣಾಗಿ ಬದುಕುವವಳು. ಮೇಲಿನ ಚರ್ಚೆ ಅಂತರಲಿಂಗಿ ಮಕ್ಕಳದ್ದು, ನನ್ನ ಕಥೆ ಬೇರೆ, ಎರಡನ್ನೂ ಕಲಸುವುದು ನನಗೆ ಇಷ್ಟ ಇಲ್ಲ. ನನ್ನ ಮೈ ನೋಡಿ ನರ್ಸ್ ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಕಾಗದ ಮಾತ್ರ ನನ್ನ ಜೊತೆ ಎಲ್ಲ ಕಡೆ ಬರುತ್ತದೆ. ಬಾಡಿಗೆಗೆ ಮನೆ ಕೇಳಲು ಹೋದಾಗಲೂ, ಕೆಲಸಕ್ಕೆ ಸೇರುವಾಗಲೂ. 2014ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಗುರುತು ನಾವೇ ಹೇಳಿಕೊಳ್ಳಬಹುದು ಅಂದಾಗ ಎಷ್ಟು ಅತ್ತಿದ್ದೆ. ಅರ್ಜೆಂಟೀನಾ ಅದಕ್ಕೂ ಮೊದಲು, 2012ರಲ್ಲೇ, ಆಪರೇಷನ್ ಬೇಡ, ಜಡ್ಜ್ ಬೇಡ, ಹೇಳಿಕೆ ಸಾಕು ಅಂತ ಕಾನೂನು ಮಾಡಿತ್ತು. ನನಗೆ ಕಾಲಂ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನನ್ನ ಬಗ್ಗೆ ನಾನು ಹೇಳುವ ಮೊದಲೇ ಒಂದು ಕಾಗದ ಹೇಳಬಾರದು, ಅಷ್ಟೇ.

ನೇರಮಾತು
ಎರಡು ದಿನದಿಂದ ಓದುತ್ತಿದ್ದೇನೆ. ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ನನ್ನ ಮಕ್ಕಳ ಸರ್ಟಿಫಿಕೇಟಿನಲ್ಲಿ ಅದು ಇರಲಿ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ‘ಗೊತ್ತಾಗುವ ತನಕ ಕಾಯಬಹುದು’ ಅನ್ನುವ ಜಾಗ ಪ್ರತಿ ಫಾರಂನಲ್ಲೂ ಇರಬೇಕು. ಅದಕ್ಕೆ ಯಾರೂ ಅಡ್ಡ ಬರಬಾರದು. ಕೇಳಿದವರಿಗೆ ಆ ಸಾಲು ಇಲ್ಲದ ಪ್ರತಿ ಕೊಡಲಿ, ಅದೂ ಸರಿ.

ಹಳೇರಿಜಿಸ್ಟರ್
ನೇರಮಾತು ಅವರೇ, ಇಷ್ಟು ಒಪ್ಪಿದರೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ. ಇನ್ನು ಮಳೆಹನಿ, ಒಂದು ಉಪಯೋಗದ ಮಾತು: ನೋಂದಣಿಗೆ ಹೆಸರು ಬೇಕೇ ಬೇಕು ಅಂತ ಇಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ ಆಮೇಲೆ ಸೇರಿಸಬಹುದು. ಅವಸರ ಮಾಡಿ ಹೆಸರಿಡಬೇಡಿ. ಮತ್ತೆ, ಡಾಕ್ಟರ್ ಹತ್ತಿರ ‘ಪರೀಕ್ಷೆ ನಡೆಯುತ್ತಿದೆ’ ಅಂತ ಒಂದು ಪತ್ರ ಬರೆಸಿಕೊಂಡು ಇಟ್ಟುಕೊಳ್ಳಿ. ಮುಂದೆ ತಿದ್ದಬೇಕಾದರೆ ಆ ಪತ್ರವೇ ಆಧಾರ.

ಮಳೆಹನಿ
ಎಲ್ಲರಿಗೂ ಒಂದು ಸುದ್ದಿ. ರಿಪೋರ್ಟ್ ಬಂತು. ಹೆರಿಗೆಕೋಣೆ ಅಕ್ಕ ಹೇಳಿದ್ದೇ ನಿಜ, ಸಿಎಎಚ್. ಕ್ರೋಮೋಸೋಮ್ ಎಕ್ಸ್‌ಎಕ್ಸ್, ಸಾಮಾನ್ಯವಾಗಿ ಹೆಣ್ಣಿನಲ್ಲಿ ಇರುವುದು. ನಿನ್ನೆ ಪೊಟಾಸಿಯಂ ಏರಲು ಶುರುವಾಗಿತ್ತು, ಕೂಡಲೇ ಔಷಧಿ ಶುರು ಮಾಡಿದರು. ಇವತ್ತು ಇಳಿದಿದೆ. ಹಾಲಿಗೆ ಚೂರು ಉಪ್ಪು ಸೇರಿಸಿ ಕೊಡಬೇಕಂತೆ, ಎಷ್ಟು ಅಂತ ಬರೆದುಕೊಟ್ಟಿದ್ದಾರೆ. ಆಪರೇಷನ್ ಬಗ್ಗೆ ಈಗ ಯೋಚನೆಯೇ ಬೇಡ, ಮಗು ದೊಡ್ಡದಾಗಿ ತಾನೇ ಹೇಳುವ ತನಕ ಕಾಯಬಹುದು ಅಂದರು ಡಾಕ್ಟರ್. ತಂಗಿ ಆ ಮಾತಿಗೆ ಅವರ ಎರಡೂ ಕೈ ಹಿಡಿದುಕೊಂಡಳು.

ಫಾರಂ ಇನ್ನೂ ಕೊಟ್ಟಿಲ್ಲ. ಪತ್ರ ಬರೆಸಿಕೊಂಡಿದ್ದೇನೆ ಹಳೇರಿಜಿಸ್ಟರ್ ಸರ್.

ನದಿಯಾಚೆ
ನಿಮ್ಮ ತಂಗಿಗೆ ನನ್ನ ನಮಸ್ಕಾರ ಹೇಳಿ. ಮಗುವಿಗೆ ನನ್ನ ಪ್ರೀತಿ.

ಹೆರಿಗೆಕೋಣೆ
ಉಸಿರು ಬಿಟ್ಟೆ ಕಣಮ್ಮಾ. ಈಗ ಇದನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ: ಔಷಧಿ ಒಂದು ಹೊತ್ತೂ ತಪ್ಪಬಾರದು. ಜ್ವರ ಬಂದರೆ ಡೋಸ್ ಜಾಸ್ತಿ ಮಾಡಬೇಕಾಗುತ್ತದೆ, ಎಷ್ಟು ಅಂತ ಡಾಕ್ಟರ್ ಹತ್ತಿರ ಈಗಲೇ ಬರೆಸಿಕೊಳ್ಳಿ. ವಾಂತಿಯಾಗಿ ಔಷಧಿ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ. ಮಗುವನ್ನು ಯಾರು ನೋಡಿಕೊಳ್ಳುತ್ತಾರೋ ಅವರೆಲ್ಲರಿಗೂ ಇದು ಗೊತ್ತಿರಲಿ.

ಮಳೆಹನಿ
ಬರೆದುಕೊಂಡೆ ಅಕ್ಕಾ. ಇಂಜೆಕ್ಷನ್ ಹೆಸರು ಕೇಳಲು ಮರೆತಿದ್ದೆ, ಈಗ ಹೋಗಿ ಕೇಳಿಕೊಂಡು ಬರುತ್ತೇನೆ.